ಹತ್ತು ರೂಪಾಯಿ ಕಮ್ಮಿ ಮಾಡಿದ ಸಹಿ

(ರಾಯಚೂರಿನಲ್ಲಿ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತವರಲ್ಲಿ ಮಸ್ಕಿಗೆ ಹೋಗಿ ಬಂದವರು ಎಷ್ಟು ಜನ? ಹೆಚ್ಚುಕಮ್ಮಿ ಎಲ್ಲರೂ ಕೈ ಎತ್ತಿದಿರಿ. ಅಲ್ಲಿ ಅಶೋಕನ ಶಾಸನ ಇರುವ ಬಂಡೆಯ ಮುಂದೆ ನಿಂತು ಬಂದವರು? ಈಗ ಕೈ ಕಡಿಮೆ ಆದವು. ಪುಸ್ತಕದ ಬಗ್ಗೆ ಮಾತಾಡಲು ಬಂದವನು ಬಂಡೆಯ ಬಗ್ಗೆ ಯಾಕೆ ಕೇಳುತ್ತಿದ್ದಾನೆ ಅನ್ನಿಸಬಹುದು. ಎರಡು ನಿಮಿಷ ಕೊಡಿ.

ಆ ಶಾಸನ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಅದಕ್ಕೂ ಮೊದಲು ದೇಶದ ಬೇರೆ ಬೇರೆ ಕಡೆ ಅದೇ ರಾಜನ ಶಾಸನಗಳು ಸಿಕ್ಕಿದ್ದವು. ಅವುಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಸಿಂಹಳದ ಗ್ರಂಥಗಳನ್ನು ಹಿಡಿದು ಈತ ಅಶೋಕನೇ ಇರಬೇಕು ಅಂತ ವಿದ್ವಾಂಸರು ಲೆಕ್ಕ ಹಾಕಿದ್ದರು. ಮಸ್ಕಿಯ ಬಂಡೆಯಲ್ಲಿ ಹೆಸರೇ ಇತ್ತು. ಅಲ್ಲಿಗೆ ಖಾತ್ರಿಯಾಯಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು.

ಇನ್ನೊಂದು ಬಂಡೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದನ್ನು ಬರೆದವನು ಚಪಡ. ರಾಜನ ಮಾತನ್ನೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು ಮುಗಿಸಿ, ಕೊನೆಗೆ ತನ್ನ ಹೆಸರು ಹಾಕಿ, 'ಲಿಪಿಕಾರ' ಅನ್ನುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ದಿಕ್ಕಿನ, ಗಾಂಧಾರದ ಕಡೆಯ ಲಿಪಿ. ನಮ್ಮ ಸೀಮೆಯಲ್ಲಿ ಬಳಕೆಯಲ್ಲಿ ಇರಲಿಲ್ಲ. ಒಂದೇ ಪದದಿಂದ ಆ ಮನುಷ್ಯ ಅಕ್ಷರ ಕಲಿತದ್ದು ಎಲ್ಲಿ ಅನ್ನುವುದಕ್ಕೆ ಎರಡು ಸಾವಿರ ವರ್ಷದ ಮೇಲೆ ನಮಗೆ ಸುಳಿವು ಸಿಗುತ್ತದೆ.

ಸಹಿ ಅಂದರೆ ನನಗೆ ಇದು. ಯಾರ ಕೈ, ಯಾವ ಊರು, ಯಾವ ದಿನ ಅನ್ನುವುದಕ್ಕೆ ಸಾಕ್ಷಿ. ಜನಪ್ರಿಯ ವಿಜ್ಞಾನದ ಪುಸ್ತಕಗಳ ಮೊದಲ ಮುದ್ರಣದ ಪ್ರತಿಗಳನ್ನು, ಅದರಲ್ಲೂ ಲೇಖಕರು ಸಹಿ ಹಾಕಿದ ಪ್ರತಿಗಳನ್ನು ನಾನು ಸುಮಾರು ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಅದರಲ್ಲಿ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಶುರುವಾದದ್ದು 1994ರಲ್ಲಿ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಆಗಷ್ಟೇ ಸಿಕ್ಕಿತ್ತು. ಒಂದು ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಒಗ್ಗರಣಿ ತಿಂದು ಮನೆಗೆ ನಾಲ್ಕು ಮಿರ್ಚಿ ಕಟ್ಟಿಸಿಕೊಂಡೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದರೆ ಎಣ್ಣೆ ಕುಡಿದ ಕಾಗದದ ಮೇಲೆ ಶನಿಗ್ರಹದ ಚಿತ್ರ. ಸುತ್ತ ಬಳೆಗಳು, ಕೆಳಗೆ ಕನ್ನಡದಲ್ಲಿ ವಿವರಣೆ. ಎಷ್ಟು ಚೆನ್ನಾಗಿ ಬರೆದಿದ್ದರು ಅಂದರೆ, ಅದೇ ವಾರ ನಾನು ಕ್ಲಾಸಿನಲ್ಲಿ ಒದ್ದಾಡಿ ಹೇಳಿದ್ದನ್ನು ಅವರು ಮೂರು ಸಾಲಿನಲ್ಲಿ ಮುಗಿಸಿದ್ದರು. ಸೈಕಲ್ ಹತ್ತಿ ವಾಪಸ್ ಹೋದೆ. "ಅಣ್ಣ, ಈ ಪುಸ್ತಕ ಇನ್ನೂ ಐತೇನು?" ಅಂದೆ. "ಅರ್ಧ ಖರ್ಚಾಗೇತ್ರಿ ಸರ, ಉಳಿದದ್ದು ಒಯ್ರಿ" ಅಂತ ಕೊಟ್ಟೇ ಬಿಟ್ಟ. ಅವನು ಹಿಂದಿನಿಂದ ಹರಿಯುತ್ತಾ ಬಂದಿದ್ದ, ಹಾಗಾಗಿ ಮುಂದಿನ ಪುಟಗಳು ಉಳಿದಿದ್ದವು. ಶೀರ್ಷಿಕೆ ಪುಟದ ಹಿಂದೆ ಸಣ್ಣ ಅಕ್ಷರದಲ್ಲಿ ಹೀಗೆ ಇತ್ತು: ಪ್ರಥಮ ಮುದ್ರಣ, ಪ್ರತಿಗಳು 1000.

ಸಾವಿರದಲ್ಲಿ ಒಂದು. ಉಳಿದ 999 ಎಲ್ಲಿವೆ? ಆ ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗಿ ಹೇಳುತ್ತೇನೆ. ಆ ಪುಸ್ತಕ ಎರಡನೇ ಸಲ ಅಚ್ಚಾದದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಪೂರ್ತಿ ಪ್ರತಿ ಸಿಕ್ಕಿದ್ದು ಹನ್ನೊಂದು ವರ್ಷ ಆದ ಮೇಲೆ, ಹೈದರಾಬಾದಿನ ಅಬಿಡ್ಸ್‌ನಲ್ಲಿ, ಭಾನುವಾರದ ಫುಟ್‌ಪಾತ್ ಮೇಲೆ.

ಈಗ ಆ ಸಣ್ಣ ಅಕ್ಷರದ ಪುಟದ ವಿಷಯ. ಪುಸ್ತಕ ಕೈಗೆ ಬಂದ ಕೂಡಲೇ ಮುಖಪುಟ ನೋಡುತ್ತೀರಿ, ಹಿಂದಿನ ಬೆನ್ನುಡಿ ನೋಡುತ್ತೀರಿ. ನಾನು ಮೊದಲು ನೋಡುವುದು ಆ ಇಂಪ್ರಿಂಟ್ ಪುಟವನ್ನು. ಕನ್ನಡ ಪ್ರಕಾಶಕರು ಇಲ್ಲಿ ಒಂದು ದೊಡ್ಡ ಉಪಕಾರ ಮಾಡಿದ್ದಾರೆ. ಯಾವ ವರ್ಷ, ಎಷ್ಟು ಪ್ರತಿ, ಎಷ್ಟು ಪುಟ, ಬೆಲೆ ಎಷ್ಟು, ಯಾವ ಕಾಗದ, ಅದರ ದಪ್ಪ ತಿಳಿಸುವ ತೂಕ ಎಷ್ಟು ಜಿಎಸ್‌ಎಂ, ಯಾವ ಪ್ರೆಸ್, ಎಲ್ಲ ಬರೆಯುತ್ತಾರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಪ್ರತಿಗಳ ಸಂಖ್ಯೆ ಇರುವುದು ಅಪರೂಪ. ಅಲ್ಲಿ 10 9 8 7 6 5 4 3 2 1 ಅಂತ ಒಂದು ಅಂಕಿಗಳ ಸಾಲು ಇರುತ್ತದೆ. ಅದರಲ್ಲಿ 1 ಇದ್ದರೆ ಸಾಮಾನ್ಯವಾಗಿ ಮೊದಲ ಮುದ್ರಣ. ಎರಡನೇ ಸಲ ಅಚ್ಚು ಹಾಕುವಾಗ 1 ಅಳಿಸುತ್ತಾರೆ, ಮೂರನೇ ಸಲ 2. ಅಚ್ಚಿನ ಫಲಕದಲ್ಲಿ ಹೊಸದಾಗಿ ಸೇರಿಸುವುದಕ್ಕಿಂತ ಇದ್ದದ್ದನ್ನು ಅಳಿಸುವುದು ಸುಲಭ ಅಲ್ವಾ, ಅದಕ್ಕೆ.

ಇದಕ್ಕೂ ಅಪವಾದ ಇದೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರ 'ಕಾಸ್ಮೋಸ್' 1980ರಲ್ಲಿ ಬಂತಲ್ಲ, ಅದರ ಅಮೆರಿಕದ ಪ್ರಕಾಶಕರು ರ್‍ಯಾಂಡಮ್ ಹೌಸ್. ಅವರು ಬಹಳ ಕಾಲ 'ಫಸ್ಟ್ ಎಡಿಶನ್' ಅಂತ ಅಕ್ಷರದಲ್ಲಿ ಹಾಕಿ, ಅಂಕಿಯ ಸಾಲನ್ನು 2ರಿಂದ ಶುರು ಮಾಡುತ್ತಿದ್ದರು. ಎರಡನೇ ಮುದ್ರಣಕ್ಕೆ ಆ ಅಕ್ಷರಗಳನ್ನು ತೆಗೆಯುತ್ತಿದ್ದರು. ಇದು ಗೊತ್ತಿಲ್ಲದೆ 1 ಇಲ್ಲ ಅಂತ ಒಳ್ಳೆಯ ಪ್ರತಿ ಬಿಟ್ಟು ಬಂದವರು ಇದ್ದಾರೆ.

ಕನ್ನಡದಲ್ಲಿ ಬೇರೆ ತೊಡಕು. 'ಆವೃತ್ತಿ' ಮತ್ತು 'ಮುದ್ರಣ' ಎರಡನ್ನೂ ನಮ್ಮವರು ಕಲಸಿ ಬಳಸುತ್ತಾರೆ. ಮುದ್ರಣ ಅಂದರೆ ಅದೇ ಪಠ್ಯವನ್ನು ಮತ್ತೆ ಅಚ್ಚು ಹಾಕುವುದು. ಆವೃತ್ತಿ ಅಂದರೆ ಪಠ್ಯವನ್ನು ತಿದ್ದಿ, ಸೇರಿಸಿ, ಹೊಸದಾಗಿ ಕಟ್ಟುವುದು. ನಾವು ಹುಡುಕುವುದು ಮೊದಲ ಆವೃತ್ತಿಯ ಮೊದಲ ಮುದ್ರಣವನ್ನು.

ಮೊದಲನೆಯದೇ ಯಾಕೆ? ಕಥೆ ಕಾದಂಬರಿಗೆ ಕಾರಣ ಬೇರೆ ಇರಬಹುದು. ವಿಜ್ಞಾನದ ಪುಸ್ತಕಕ್ಕೆ ಒಂದು ಗಟ್ಟಿ ಕಾರಣ ಇದೆ. ವಿಜ್ಞಾನ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಹತ್ತು ವರ್ಷ ಕಳೆದ ಮೇಲೆ ಬರುವ ಆವೃತ್ತಿಯಲ್ಲಿ ಲೇಖಕರು ಹಳೆಯ ತಪ್ಪನ್ನು ಒರೆಸಿರುತ್ತಾರೆ, ಹಳೆಯ ಧೈರ್ಯವನ್ನೂ ಎಷ್ಟೋ ಸಲ ಒರೆಸಿರುತ್ತಾರೆ. ಮೊದಲು ಏನು ಹೇಳಿದ್ದರು ಅನ್ನುವುದು ಮೊದಲ ಮುದ್ರಣದಲ್ಲಿ ಮಾತ್ರ ಉಳಿಯುತ್ತದೆ.

ಡಾರ್ವಿನ್ ಅವರನ್ನೇ ನೋಡಿ. 'ಆರಿಜಿನ್ ಆಫ್ ಸ್ಪೀಶೀಸ್' 1859ರ ನವೆಂಬರ್ 24ರಂದು ಲಂಡನ್ನಿನಲ್ಲಿ ಬಂತು. ಪ್ರಕಾಶಕರು ಜಾನ್ ಮರ್ರೆ, ಅಚ್ಚಾದದ್ದು 1250 ಪ್ರತಿ, ಬೆಲೆ 15 ಶಿಲಿಂಗ್. ಅದರಲ್ಲಿ 500 ಪ್ರತಿಗಳನ್ನು ಮ್ಯೂಡಿ ಎಂಬ ಬಾಡಿಗೆ ಲೈಬ್ರರಿಯವರೇ ಕೊಂಡರು, ಅಂದರೆ ಸಾಮಾನ್ಯ ಓದುಗರ ಮನೆಗೆ ಹೋಗುವ ಪುಸ್ತಕ ಅದು. ಮೊದಲ ಮುದ್ರಣದ 20ನೇ ಪುಟ, 11ನೇ ಸಾಲಿನಲ್ಲಿ 'ಸ್ಪೀಶೀಸ್' ಪದದ ಕಾಗುಣಿತವೇ ತಪ್ಪಾಗಿದೆ, ಒಂದು 'ಇ' ಜಾಸ್ತಿ ಬಿದ್ದಿದೆ. ಪುಸ್ತಕದ ಹೆಸರಿನಲ್ಲಿರುವ ಪದವೇ ಒಳಗೆ ತಪ್ಪು! ಇವತ್ತು ಸಂಗ್ರಾಹಕರು ಮೊದಲು ತೆರೆಯುವುದು ಅದೇ ಪುಟ. ಎರಡೇ ತಿಂಗಳಲ್ಲಿ, 1860ರ ಜನವರಿಯಲ್ಲಿ, ಎರಡನೇ ಆವೃತ್ತಿ ಬಂತು. ಕೊನೆಯ ವಾಕ್ಯದಲ್ಲಿ ಜೀವವನ್ನು ಊದಿದ್ದು 'ಸೃಷ್ಟಿಕರ್ತ' ಅನ್ನುವ ಮಾತು ಸೇರಿತು. ಮೊದಲನೆಯದರಲ್ಲಿ ಆ ಪದ ಆ ಜಾಗದಲ್ಲಿ ಇಲ್ಲ. ಇನ್ನೂ ಒಂದು ಸಂಗತಿ. ವಿಕಾಸ ಅಂತ ನಾವು ಅನುವಾದಿಸುವ 'ಎವಲ್ಯೂಶನ್' ಎಂಬ ಪದ ಆ ಪುಸ್ತಕದೊಳಗೆ ಬಂದದ್ದು 1872ರ ಆರನೇ ಆವೃತ್ತಿಯಲ್ಲಿ. ಮೊದಲ ಮತ್ತು ಆರನೇ ಆವೃತ್ತಿಗಳನ್ನು ಪಕ್ಕ ಪಕ್ಕ ಇಟ್ಟು ಓದಿದರೆ ಒಬ್ಬ ಮನುಷ್ಯ ಹದಿಮೂರು ವರ್ಷ ಜಗತ್ತಿನ ಜೊತೆ ವಾದ ಮಾಡಿದ್ದು, ಎಲ್ಲಿ ಬಗ್ಗಿದ, ಎಲ್ಲಿ ನಿಂತ, ಎಲ್ಲ ಕಾಣುತ್ತದೆ. ನನ್ನ ಹತ್ತಿರ 1859ರ ಪ್ರತಿ ಇಲ್ಲ, ಇರುವುದೂ ಸಾಧ್ಯವಿಲ್ಲ, ಅದರ ಪಠ್ಯ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ನಮ್ಮ ಮಕ್ಕಳಿಗೆ ಆ ಕೊನೆಯ ವಾಕ್ಯ ಎರಡನ್ನೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' 1988ರ ಏಪ್ರಿಲ್ 1ಕ್ಕೆ ಬರಬೇಕಿತ್ತು. ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಿಂದೆ ಅವರ ಸಹಾಯಕರಾಗಿದ್ದ ಡಾನ್ ಪೇಜ್ ಅವರಿಗೆ 'ನೇಚರ್' ಪತ್ರಿಕೆಯ ವಿಮರ್ಶೆಗಾಗಿ ಮುಂಗಡ ಪ್ರತಿ ಬಂತು. ತೆರೆದು ನೋಡಿದರೆ ಚಿತ್ರಗಳು ಅದಲುಬದಲು, ಹೆಸರುಗಳು ತಪ್ಪು ಜಾಗದಲ್ಲಿ. ಅಮೆರಿಕದ ಪ್ರಕಾಶಕರಿಗೆ ಫೋನ್ ಹೋಯಿತು. ಅವರು ಅಚ್ಚಾದದ್ದನ್ನು ಪೂರ್ತಿ ವಾಪಸ್ ತರಿಸಿ ನಾಶ ಮಾಡಿದರು. ಮೂರು ವಾರ ಕೂತು ತಿದ್ದಿ, ಮತ್ತೆ ಅಚ್ಚು ಹಾಕಿ, ಹೇಳಿದ ದಿನಕ್ಕೆ ಅಂಗಡಿಗೆ ಮುಟ್ಟಿಸಿದರು. ಆ ತಪ್ಪಿನ ಪ್ರತಿಗಳಲ್ಲಿ ಉಳಿದ ಕೆಲವಕ್ಕೆ ಇವತ್ತು ಚಿನ್ನದ ಬೆಲೆ. ಅದು ಬಿಡಿ, ಸರಿಯಾದ 1988ರ ಪ್ರತಿ ಸಿಕ್ಕರೂ ಇಟ್ಟುಕೊಳ್ಳಿ. ಯಾಕೆಂದರೆ ಅದರಲ್ಲಿ ಕಾರ್ಲ್ ಸೇಗನ್ ಬರೆದ ಮುನ್ನುಡಿ ಇದೆ. ಆ ಮುನ್ನುಡಿಯ ಹಕ್ಕು ಸೇಗನ್ ಅವರದಾಗಿತ್ತು, ಹಾಗಾಗಿ ಮುಂದಿನ ಆವೃತ್ತಿಗಳಲ್ಲಿ ಹಾಕಿಂಗ್ ತಾವೇ ಬೇರೆ ಬರೆದರು. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ 'ದಿ ಸೆಲ್ಫಿಶ್ ಜೀನ್' ಉಲ್ಟಾ. 1976ರ ಮೊದಲನೆಯದಕ್ಕೆ 1989ರಲ್ಲಿ ಎರಡು ಅಧ್ಯಾಯ, ಬಹಳಷ್ಟು ಟಿಪ್ಪಣಿ ಸೇರಿದವು. ಓದುವುದಕ್ಕೆ ಎರಡನೆಯದು, ಕಪಾಟಿಗೆ ಎರಡೂ.

ಈಗ ಸಹಿಗೆ ಬರುತ್ತೇನೆ.

ಹಾಕಿಂಗ್ ಅವರ ಕಾಯಿಲೆ ನಿಮಗೆಲ್ಲ ಗೊತ್ತು. ಆ ಪುಸ್ತಕ ಬರುವ ಎಷ್ಟೋ ವರ್ಷ ಮೊದಲೇ ಅವರ ಕೈಗೆ ಪೆನ್ನು ಹಿಡಿಯುವ ಶಕ್ತಿ ಹೋಗಿತ್ತು. ಹಾಗಾದರೆ ಸಹಿ ಹೇಗೆ? ಹೆಬ್ಬೆಟ್ಟು. ಅವರ ಹೆಬ್ಬೆರಳ ಗುರುತು ಒತ್ತಿದ ಪ್ರತಿ 2018ರ ನವೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 68,750 ಪೌಂಡಿಗೆ ಹೋಯಿತು. ಇದನ್ನು ಓದಿದ ದಿನ ನನಗೆ ನಮ್ಮ ಅಜ್ಜಿ ನೆನಪಾದಳು. ನಮ್ಮ ಕಡೆ ಹೆಬ್ಬೆಟ್ಟು ಅಂದರೆ ಬೈಗುಳ ಇದ್ದ ಹಾಗೆ, ಅಲ್ವಾ? ಸೊಸೈಟಿಯಲ್ಲಿ ಸಾಲದ ಕಾಗದಕ್ಕೆ ನೀಲಿ ಶಾಯಿ ಒತ್ತಿ ಬಂದು, ಆ ಬೆರಳನ್ನು ಸೀರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಈಗ ನನ್ನ ಕ್ಲಾಸಿನ ಮಕ್ಕಳಿಗೆ ಹೇಳುತ್ತೇನೆ, ಕಾಲದ ಹುಟ್ಟಿನ ಲೆಕ್ಕ ಮಾಡಿದ ಮನುಷ್ಯನ ಸಹಿಯೂ ಹೆಬ್ಬೆಟ್ಟೇ, ನಿಮ್ಮ ಮನೆಯಲ್ಲಿ ಯಾರದಾದರೂ ಹೆಬ್ಬೆಟ್ಟು ಇರುವ ಹಳೆಯ ಕಾಗದ ಇದ್ದರೆ ಜೋಪಾನ ಮಾಡಿ ಅಂತ.

ಸಹಿ ಯಾಕೆ ಕೆಲವರದು ಸಿಗುವುದೇ ಇಲ್ಲ ಅನ್ನುವುದಕ್ಕೆ ಒಂದೊಂದು ಜೀವನದ ಕಥೆ ಇರುತ್ತದೆ. ಕೀಟನಾಶಕಗಳ ಬಗ್ಗೆ ಜಗತ್ತನ್ನು ಎಚ್ಚರಿಸಿದ ರೇಚಲ್ ಕಾರ್ಸನ್ ಅವರ 'ಸೈಲೆಂಟ್ ಸ್ಪ್ರಿಂಗ್' 1962ರ ಸೆಪ್ಟೆಂಬರಿನಲ್ಲಿ ಬಂತು. 1964ರ ಏಪ್ರಿಲ್‌ನಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ನಡುವೆ ಇದ್ದದ್ದು ಒಂದೂವರೆ ವರ್ಷ, ಅದೂ ಕಾಯಿಲೆಯ ಕಾಲ. ಹತ್ತಿ, ಭತ್ತ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ನಮ್ಮ ಸೀಮೆಯವರಿಗೆ ಆ ಪುಸ್ತಕದ ಒಂದೊಂದು ಪುಟವೂ ಬೇಕು. ಡಾರ್ವಿನ್ ಅವರದು ಇನ್ನೊಂದು ರೀತಿ. ಸ್ನೇಹಿತರಿಗೆ ಹೋದ ಮೊದಲ ಮುದ್ರಣದ ಪ್ರತಿಗಳಲ್ಲಿ 'ಲೇಖಕರಿಂದ' ಅಂತ ಬರೆದವರು ಪ್ರಕಾಶಕರ ಕಚೇರಿಯ ಗುಮಾಸ್ತರು. ಕೈಬರಹ ಡಾರ್ವಿನ್ ಅವರದಲ್ಲ, ಆದರೆ ಕಳಿಸಿದ್ದು ಅವರೇ. ಅಂಥ ಪ್ರತಿಗೂ ಬಹಳ ಬೆಲೆ, ಯಾರಿಗೆ ಹೋಯಿತು ಅನ್ನುವುದು ಗೊತ್ತಾಗುತ್ತದಲ್ಲ.

ಸಹಿಯಲ್ಲೂ ಹಂತಗಳಿವೆ. ಬರೀ ಹೆಸರು ಗೀಚಿದ್ದು ಒಂದು. 'ಇಂಥವರಿಗೆ, ಇಂಥ ಊರಲ್ಲಿ, ಇಂಥ ದಿನ' ಅಂತ ಬರೆದದ್ದು ಇನ್ನೊಂದು. ಬೇರೆಯವರ ಹೆಸರು ಬರೆದಿದೆ, ನನಗೆ ಬೇಡ ಅನ್ನುವ ಸಂಗ್ರಾಹಕರು ಇದ್ದಾರೆ, ಅಂಗಡಿಯವರೂ ಅದಕ್ಕೆ ಬೆಲೆ ಇಳಿಸುತ್ತಾರೆ. ನನಗೆ ಆ ಎರಡನೆಯದೇ ಬೇಕು. ಬರೀ ಹೆಸರು ಸುಳ್ಳು ಬರೆಯುವುದು ಸುಲಭ. ಹೆಸರು, ಊರು, ತಾರೀಖು ಮೂರೂ ಇದ್ದರೆ ತಾಳೆ ನೋಡಬಹುದು.

ತಾಳೆ ನೋಡದೆ ಕೊಂಡು ನಾನೂ ಒಮ್ಮೆ ಕೆಟ್ಟೆ. ಅಂತರ್ಜಾಲದಲ್ಲಿ ಒಬ್ಬ ಮಾರಾಟಗಾರರು ಸಹಿ ಇರುವ ಪ್ರತಿ ಅಂತ ಫೋಟೋ ಹಾಕಿದ್ದರು. 3,800 ರೂಪಾಯಿ ಕೊಟ್ಟು ತರಿಸಿದೆ. ಪುಸ್ತಕ ಬಂತು, ಮುನ್ನುಡಿಯ ಕೊನೆಗೆ ಚೆಂದದ ಸಹಿ. ಶಾಲೆಯ ಲ್ಯಾಬಿನ ಭೂತಗನ್ನಡಿ ಹಿಡಿದು ನೋಡಿದೆ. ಸಹಿಯ ಕಪ್ಪು, ಪಕ್ಕದ ಅಚ್ಚಿನ ಅಕ್ಷರದ ಕಪ್ಪು, ಎರಡೂ ಒಂದೇ. ಹಾಳೆ ತಿರುವಿ ಹಿಂದೆ ಬೆರಳು ಆಡಿಸಿದೆ, ಪೆನ್ನು ಒತ್ತಿದ ಗುರುತೇ ಇಲ್ಲ. ಲೈಬ್ರರಿಯಲ್ಲಿ ಅದೇ ಪುಸ್ತಕ ಇತ್ತು, ತೆರೆದರೆ ಅದೇ ಪುಟದಲ್ಲಿ ಅದೇ ಸಹಿ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಚ್ಚು ಹಾಕಿದ ಸಹಿ ಅದು. ಆ ತಿಂಗಳು ಮನೆಯಲ್ಲಿ ನಾನು ತಲೆ ಎತ್ತಿ ಮಾತಾಡಲಿಲ್ಲ.

ಹಾಗಾಗಿ ಹೀಗೆ ನೋಡಿ. ಟಾರ್ಚನ್ನು ಹಾಳೆಯ ಪಕ್ಕದಿಂದ, ಬಹಳ ಕೆಳಗಿನಿಂದ ಬಿಡಿ. ಬಾಲ್ ಪೆನ್ ಆಗಿದ್ದರೆ ಸಣ್ಣ ಕಾಲುವೆಯ ಹಾಗೆ ಗೆರೆ ಕಾಣುತ್ತದೆ. ಶಾಯಿ ಪೆನ್ ಆಗಿದ್ದರೆ ಶಾಯಿ ಕಾಗದದ ನಾರಿನೊಳಗೆ ಸ್ವಲ್ಪ ಹರಡಿರುತ್ತದೆ, ಒಂದು ಗೆರೆ ಇನ್ನೊಂದನ್ನು ದಾಟುವ ಕಡೆ ಬಣ್ಣ ಗಾಢವಾಗಿರುತ್ತದೆ. ಮನುಷ್ಯನ ಕೈ ಸಹಿಯ ಶುರುವಿನಲ್ಲಿ ಒಂದು ವೇಗ, ಕೊನೆಯಲ್ಲಿ ಇನ್ನೊಂದು ವೇಗದಲ್ಲಿ ಓಡುತ್ತದೆ, ಗೆರೆ ತೆಳ್ಳಗಾಗುತ್ತಾ ಮುಗಿಯುತ್ತದೆ. ಸಹಿ ಹಾಕುವ ಯಂತ್ರಗಳೂ ಇವೆ. ಅವುಗಳ ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ, ಎರಡು ತುದಿಯಲ್ಲೂ ಚುಕ್ಕಿ. ಎರಡು ಸಹಿಗಳು ಒಂದರ ಮೇಲೊಂದು ಇಟ್ಟಂತೆ ಪೂರ್ತಿ ಹೊಂದಿದರೆ ಅನುಮಾನ ಪಡಿ. ನೀವೇ ಬ್ಯಾಂಕಿನ ಚೆಕ್ಕಿಗೆ ಎರಡು ಸಲ ಒಂದೇ ಥರ ಸಹಿ ಹಾಕುತ್ತೀರಾ?

ದೊಡ್ಡವರೂ ಮೋಸ ಹೋಗಿದ್ದಾರೆ. ಗೆಲಿಲಿಯೋ 1610ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ 'ಸಿಡೇರಿಯಸ್ ನುನ್ಸಿಯಸ್', ದೂರದರ್ಶಕದಲ್ಲಿ ಕಂಡ ಚಂದ್ರನ ಗುಡ್ಡಗಳ ಬಗ್ಗೆ, ಗುರುವಿನ ನಾಲ್ಕು ಚಂದ್ರರ ಬಗ್ಗೆ ಬರೆದ ಸಣ್ಣ ಪುಸ್ತಕ. ಅಚ್ಚಾದದ್ದು 550 ಪ್ರತಿ. 2005ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪ್ರತಿ ಬೆಳಕಿಗೆ ಬಂತು. ಅದರಲ್ಲಿ ಅಚ್ಚಿನ ಚಿತ್ರಗಳ ಜಾಗದಲ್ಲಿ ನೀರುಬಣ್ಣದಲ್ಲಿ ಬರೆದ ಚಂದ್ರ, ಶೀರ್ಷಿಕೆ ಪುಟದಲ್ಲಿ ಗೆಲಿಲಿಯೋ ಸಹಿ. ಬರ್ಲಿನ್ನಿನ ಕಲಾ ಇತಿಹಾಸಕಾರ ಹಾರ್ಸ್ಟ್ ಬ್ರೆಡೆಕಾಂಪ್ ಮತ್ತು ಅವರ ತಂಡ ವರ್ಷಗಟ್ಟಲೆ ಪರೀಕ್ಷಿಸಿ ಇದು ಅಸಲಿ ಅಂದರು, 2011ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ನಿಕ್ ವೈಲ್ಡಿಂಗ್ ಎಂಬ ಇತಿಹಾಸಕಾರರಿಗೆ ಒಂದು ಚಿಕ್ಕ ವಿಷಯ ಸರಿ ಕಾಣಲಿಲ್ಲ. ಪುಸ್ತಕದ ಮೇಲಿದ್ದ ಹಳೆಯ ಗ್ರಂಥಾಲಯದ ಮುದ್ರೆ, ಅದೇ ಗ್ರಂಥಾಲಯದ ಬೇರೆ ಪುಸ್ತಕಗಳ ಮುದ್ರೆಗೆ ಹೊಂದುತ್ತಿರಲಿಲ್ಲ. ಅಲ್ಲಿಂದ ಎಳೆ ಎಳೆದರು. 2012ರಲ್ಲಿ ಪೂರ್ತಿ ಪುಸ್ತಕವೇ ನಕಲಿ ಅಂತ ತೀರ್ಮಾನ ಆಯಿತು. ಅದರ ಹಿಂದೆ ಇದ್ದ ಮರೀನೋ ಮಾಸ್ಸಿಮೋ ದೆ ಕಾರೋ ನೇಪಲ್ಸಿನ ಒಂದು ಐತಿಹಾಸಿಕ ಗ್ರಂಥಾಲಯದ ನಿರ್ದೇಶಕನಾಗಿದ್ದವನು, ಅಲ್ಲಿಂದ ಪುಸ್ತಕಗಳನ್ನು ಕದ್ದದ್ದಕ್ಕೆ ಜೈಲಿಗೆ ಹೋದ. ಬ್ರೆಡೆಕಾಂಪ್ ತಂಡ ತಾವು ಎಲ್ಲಿ ಎಡವಿದೆವು ಅಂತ ಇನ್ನೊಂದು ಸಂಪುಟ ಬರೆಯಿತು. ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಗ್ರಂಥಾಲಯದ ಮುದ್ರೆ ಅಂದೆನಲ್ಲ. ನಮ್ಮ ಪುಸ್ತಕಗಳ ಮೇಲಿನ ಮುದ್ರೆಗಳೂ ಹಾಗೇ ಮಾತಾಡುತ್ತವೆ, ಅಳಿಸಬೇಡಿ.

ಈಗ ನಮ್ಮ ಕನ್ನಡದ ವಿಷಯ. ನಾನು ಇಲ್ಲಿಗೆ ಬಂದದ್ದು ಮುಖ್ಯವಾಗಿ ಇದಕ್ಕೇ. ಹಾಕಿಂಗ್, ಡಾರ್ವಿನ್ ಅವರ ಪ್ರತಿಗಳನ್ನು ಕಾಯುವುದಕ್ಕೆ ಹರಾಜು ಮನೆಗಳಿವೆ, ಬೀಗ ಹಾಕಿದ ಕಪಾಟುಗಳಿವೆ. ಕನ್ನಡದ ವಿಜ್ಞಾನ ಪುಸ್ತಕಗಳ ಮೊದಲ ಮುದ್ರಣ ಕಾಯುವವರು ಯಾರು? 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬೆಂಗಳೂರಿನಲ್ಲಿ 'ವಿಜ್ಞಾನ' ಅನ್ನುವ ಪತ್ರಿಕೆ ಶುರು ಮಾಡಿದರು. ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳನ್ನೇ ಹೊಸದಾಗಿ ಕಟ್ಟಬೇಕಿದ್ದ ಕಾಲ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟ ತಂದರು, ಆಮೇಲೆ ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ದ ನಾಲ್ಕು. ಒಬ್ಬರೇ ಕೂತು! ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1976ರದು, 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಆ ಚಿತ್ರಗಳು ಸ್ವಾಮಿಯವರ ಕೈಯವೇ. ಹಳೆಯ ಪ್ರತಿಯಲ್ಲಿ ಆ ಗೆರೆಗಳನ್ನು ನೋಡಿ, ಆಮೇಲೆ ಮರುಮುದ್ರಣದಲ್ಲಿ ನೋಡಿ. ಎಲೆಯ ನರಗಳ ಗೆರೆ ಎಲ್ಲಿ ದಪ್ಪಗಾಗಿದೆ, ಎಲ್ಲಿ ಕೂಡಿಕೊಂಡಿದೆ ಅಂತ ಕಣ್ಣಿಗೆ ಹೊಡೆಯುತ್ತದೆ. ಸ್ವಾಮಿ 1980ರಲ್ಲಿ, ಕಾರಂತರು 1997ರಲ್ಲಿ, ವಿಜ್ಞಾನವನ್ನೂ ಬರೆದ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ಹೋದರು. ಇನ್ನು ಅವರ ಹೊಸ ಸಹಿ ಹುಟ್ಟುವುದಿಲ್ಲ. ಇದ್ದದ್ದು ಉಳಿಯಬೇಕು, ಅಷ್ಟೇ.

ನಮ್ಮ ರಾಯಚೂರಿನ ಮಟ್ಟಿಗೆ ಇದರಲ್ಲಿ ಇನ್ನೊಂದು ಎಳೆ ಇದೆ. 1918ರಲ್ಲಿ 'ವಿಜ್ಞಾನ' ಪತ್ರಿಕೆ ಬಂದಾಗ ನಾವು ಮೈಸೂರು ಸಂಸ್ಥಾನದವರಲ್ಲ, ನಿಜಾಮರ ರಾಜ್ಯದವರು. ಬಳ್ಳಾರಿ ಮದ್ರಾಸಿನ ಕೈಯಲ್ಲಿತ್ತು. ಅದೇ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು, ಪಾಠವೆಲ್ಲ ಉರ್ದುವಿನಲ್ಲಿ. ಅದಕ್ಕಾಗಿ ಒಂದು ಅನುವಾದ ಕಚೇರಿಯನ್ನೇ ತೆರೆದು ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತಂದರು. ಹಾಗಾಗಿ 1956ಕ್ಕೆ ಮೊದಲು ಒಂದು ಕನ್ನಡ ವಿಜ್ಞಾನ ಪುಸ್ತಕ ರಾಯಚೂರಿಗೋ ಕೊಪ್ಪಳಕ್ಕೋ ಬಂತು ಅಂದರೆ ಯಾರೋ ಬೇಕು ಅಂತ ರಾಜ್ಯದ ಗಡಿ ದಾಟಿಸಿ ತಂದಿದ್ದಾರೆ ಅಂತ ಅರ್ಥ. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕರೆ ಒಳಗಿನ ಖಾಲಿ ಹಾಳೆಯಲ್ಲಿ ಹೆಸರು, ಊರು ಇದೆಯಾ ನೋಡಿ. ಉರ್ದು ಪುಸ್ತಕ ಸಿಕ್ಕರೂ ಓದಲು ಬರುವುದಿಲ್ಲ ಅಂತ ರದ್ದಿಗೆ ಹಾಕಬೇಡಿ. ಪಕ್ಕದ ಮನೆಯಲ್ಲಿ ಉರ್ದು ಬಲ್ಲ ಚಾಚಾ ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ತೋರಿಸಿ.

ಈ ಮಾತಿಗೆ ಹೆಸರು ಕೊಟ್ಟ ಪುಸ್ತಕದ ಕಥೆ ಈಗ. ಏಳು ವರ್ಷದ ಹಿಂದೆ, ನಮ್ಮದೇ ಊರಿನ ಒಂದು ರದ್ದಿ ಅಂಗಡಿ. ತಕ್ಕಡಿಯ ಪಕ್ಕ ಹತ್ತನೇ ತರಗತಿ ಗೈಡುಗಳ ಕೆಳಗೆ ಖಗೋಳದ ಮೇಲಿನ ಒಂದು ಕನ್ನಡ ಪುಸ್ತಕ. ಮೊದಲ ಮುದ್ರಣ, ಬೆನ್ನು ಸ್ವಲ್ಪ ಬಿಟ್ಟಿತ್ತು. ಎಷ್ಟು ಅಂದೆ. ಅಂಗಡಿಯವನು ಮೂವತ್ತು ಅಂದ. ನಾನು ಹಾಳೆ ತಿರುವುತ್ತಿದ್ದಾಗ ಅವನೂ ಬಗ್ಗಿ ನೋಡಿದ. "ಸರ, ಇದ್ರಾಗ ಯಾರೋ ಪೆನ್ನಿಲೆ ಗೀಚ್ಯಾರ. ಹತ್ತು ರೂಪಾಯಿ ಕಮ್ಮಿ ಕೊಡ್ರಿ" ಅಂದ. ಪ್ರಾಮಾಣಿಕ ಮನುಷ್ಯ. ಗೀಚಿದ್ದವರು ಆ ಪುಸ್ತಕ ಬರೆದವರೇ. ನೀಲಿ ಶಾಯಿ, ಒಬ್ಬ ಮೇಷ್ಟ್ರ ಹೆಸರು, ಕೆಳಗೆ 'ನಿನ್ನೆಯ ನೆನಪಿಗೆ', ಅದರ ಕೆಳಗೆ ರಾಯಚೂರು, 17-2-1980.

ಆ ತಾರೀಖು ನೋಡಿದ ಕೂಡಲೇ ನನ್ನ ಕೈ ನಡುಗಿತು. ಇಲ್ಲಿ ಕೂತ ಹಿರಿಯರಿಗೆ ಈಗಾಗಲೇ ಹೊಳೆದಿರಬೇಕು. 1980ರ ಫೆಬ್ರುವರಿ 16, ಶನಿವಾರ, ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಕರಾವಳಿಯಿಂದ ಹತ್ತಿ ಗದಗಿನ ಕಡೆಯಿಂದ ನಮ್ಮ ಮೇಲೆ ಹಾದು ತೆಲಂಗಾಣಕ್ಕೆ ಹೋಯಿತು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಕತ್ತಲೆ. ನನಗೆ ಆಗ ಒಂಬತ್ತು ವರ್ಷ. ನಮ್ಮನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿದ್ದರು. ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಹೊರಗೆ ಬೇವಿನ ಮರಕ್ಕೆ ಹಕ್ಕಿಗಳು ಗೂಡಿಗೆ ಬಂದು ಕೂಗಿದ್ದು, ಸ್ವಲ್ಪ ಹೊತ್ತಿಗೆ ಮತ್ತೆ ಹಾರಿಹೋದದ್ದು, ಅಷ್ಟು ಕೇಳಿಸಿತು. ಜೀವಮಾನದಲ್ಲಿ ಒಮ್ಮೆ ಮನೆ ಬಾಗಿಲಿಗೆ ಬಂದದ್ದನ್ನು ನಾನು ನೋಡಲಿಲ್ಲ. ವಿಜ್ಞಾನದ ಮೇಷ್ಟ್ರು ಆದದ್ದಕ್ಕೆ ಅದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಆ ಪುಸ್ತಕ ಹೇಳುವುದು ಏನು? ಆ ದಿನ ಆ ಲೇಖಕರು ನಮ್ಮ ಊರಲ್ಲಿ ಇದ್ದರು. ನಾನು ಕಂಬಳಿಯ ಹಿಂದೆ ಕೂತಿದ್ದಾಗ ಅವರೂ, ಯಾರೋ ಒಬ್ಬ ಮೇಷ್ಟ್ರೂ ಬಯಲಲ್ಲಿ ನಿಂತು ನೋಡಿದ್ದರು. ಇದನ್ನು ಯಾವ ಪತ್ರಿಕೆಯಲ್ಲೂ ನಾನು ಓದಿಲ್ಲ. ಮೂರು ಸಾಲು ನೀಲಿ ಶಾಯಿ ಬಿಟ್ಟರೆ ಅದಕ್ಕೆ ಬೇರೆ ದಾಖಲೆ ನನಗೆ ಸಿಕ್ಕಿಲ್ಲ. ಆ ಮೇಷ್ಟ್ರ ಮನೆ ಹುಡುಕಿದೆ, ಸಿಕ್ಕಿತು. ಅವರು ಇಲ್ಲ, ಮಗಳು ಇದ್ದಾರೆ. ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ, ಆ ಮನೆಯವರಿಗೆ ಹಾಗೆ ಮಾತು ಕೊಟ್ಟಿದ್ದೇನೆ. ಪುಸ್ತಕ ವಾಪಸ್ ಕೊಡಲು ಹೋದೆ. ಆ ತಾಯಿ ಒಂದು ಗಳಿಗೆ ಆ ಅಕ್ಷರದ ಮೇಲೆ ಕೈ ಇಟ್ಟುಕೊಂಡು ಕೂತರು. ಮನೆ ಬದಲಿಸುವಾಗ ಮೂಟೆಯಲ್ಲಿ ಹೋಗಿತ್ತಂತೆ. "ನಮ್ಮ ಅಪ್ಪ ಆ ದಿನ ಇಪ್ಪತ್ತು ಹುಡುಗರನ್ನ ಕರಕೊಂಡು ಹೋಗಿದ್ರು, ಊರ ಮಂದಿ ಬೈದ್ರು. ನೀವೇ ಇಟ್ಕೊಳ್ರಿ, ಹುಡುಗರಿಗೆ ತೋರಸ್ರಿ" ಅಂದರು.

ಹೇಗೆ ಕಾಯಬೇಕು ಅಂತ ಸ್ವಲ್ಪ ಹೇಳಿ ಬಿಡುತ್ತೇನೆ, ನಮ್ಮ ಬಿಸಿಲಿಗೆ ಇದು ಬೇಕೇ ಬೇಕು. ಹಳೆಯ ಕನ್ನಡ ಪುಸ್ತಕಗಳ ಕಾಗದದಲ್ಲಿ ಆಮ್ಲದ ಅಂಶ ಇರುತ್ತದೆ. ಮರದ ತಿರುಳಿನ ಕಾಗದಕ್ಕೆ ಶಾಯಿ ಹರಡದಂತೆ ಪಟಿಕ, ರಾಳ ಹಾಕುತ್ತಿದ್ದರು, ಆ ಆಮ್ಲ ನಾರನ್ನು ನಿಧಾನವಾಗಿ ಕಡಿಯುತ್ತದೆ. ಸೆಕೆ ಏರಿದಷ್ಟೂ ಆ ಕೆಲಸ ಜೋರು. ಪಡುವಣ ಗೋಡೆಗೆ ಕಪಾಟು ಇಡಬೇಡಿ, ಸಂಜೆವರೆಗೆ ಕಾದಿರುತ್ತದೆ. ಒಳಗೋಡೆಗೆ ಇಡಿ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಬಿಡಿ, ಕೆಳಗೆ ಇಟ್ಟಿಗೆ ಕೊಡಿ, ಗೆದ್ದಲು ನೆಲದಿಂದಲೇ ಬರುವುದು. ನುಸಿಗುಳಿಗೆ ಇಡುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿ ಇಡಿ, ಹಾಳೆಯ ನಡುವೆ ಬೇಡ. ಹರಿದ ಹಾಳೆಗೆ ಸೆಲ್ಲೋ ಟೇಪ್ ಹಚ್ಚಬೇಡಿ, ಕೆಲವೇ ವರ್ಷಕ್ಕೆ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ.

ಬೈಂಡಿಂಗ್ ಬಗ್ಗೆ ಬೇಸರದಿಂದ ಹೇಳುತ್ತೇನೆ. ಒಂದು ಗ್ರಂಥಾಲಯದಲ್ಲಿ ಐವತ್ತರ ದಶಕದ ವಿಜ್ಞಾನ ಪುಸ್ತಕಗಳನ್ನೆಲ್ಲ ಒಳ್ಳೆಯ ಮನಸ್ಸಿನಿಂದಲೇ ರೆಕ್ಸಿನ್ ಬೈಂಡ್ ಮಾಡಿಸಿದರು. ಮುಖಪುಟ ಕಿತ್ತು ಬಿಸಾಡಿದರು, ಮೂರು ಕಡೆ ಅಂಚು ಕತ್ತರಿಸಿದರು. ಒಂದರಲ್ಲಿ ಲೇಖಕರ ಸಹಿಯ ಕೊನೆಯ ಎರಡು ಅಕ್ಷರ ಆ ಕತ್ತರಿಗೆ ಹೋಗಿವೆ. ಇಂಗ್ಲಿಷ್ ಪುಸ್ತಕಗಳ ಮೇಲಿನ ಜಾಕೆಟ್, ಅಂದರೆ ಬಿಡಿಯಾಗಿ ಸುತ್ತಿದ ಹೊದಿಕೆ ಕೂಡ ಹಾಗೆಯೇ, ಅದು ಹೋದರೆ ಬೆಲೆಯ ದೊಡ್ಡ ಪಾಲು ಹೋಯಿತು. ಉಡುಗೊರೆ ಕೊಡುವಾಗ ಬೆಲೆ ಇರುವ ಮೂಲೆ ಕತ್ತರಿಸುವ ಅಭ್ಯಾಸ ನಮಗೂ ಇದೆ, ಅವರಿಗೂ ಇದೆ. ಬಿಟ್ಟುಬಿಡಿ ಅದನ್ನು.

ದುಡ್ಡು ಎಷ್ಟು ಬೇಕು ಅಂತ ಮುಂಚೆಯೇ ಒಬ್ಬರು ಚೀಟಿ ಕಳಿಸಿದ್ದರು. ತಿಂಗಳಿಗೆ ಇನ್ನೂರು ರೂಪಾಯಿ ಇದ್ದರೆ ಶುರು ಮಾಡಬಹುದು, ಕನ್ನಡದಲ್ಲಿ. ಓದಿ ಇಷ್ಟಪಟ್ಟ ಪುಸ್ತಕವನ್ನೇ ಹುಡುಕಿ. ಮಾರಿ ಲಾಭ ಮಾಡಲು ಬರುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. ಇನ್ನು ಈಗ ಬರೆಯುತ್ತಿರುವವರು ನಮ್ಮ ಕಡೆ ಕಾರ್ಯಕ್ರಮಕ್ಕೆ ಬಂದಾಗ ಸೆಲ್ಫಿ ಜೊತೆಗೆ ಪುಸ್ತಕವನ್ನೂ ಮುಂದೆ ಹಿಡಿಯಿರಿ. ಶೀರ್ಷಿಕೆ ಪುಟದಲ್ಲೇ ಬರೆಸಿ, ಬೇರೆ ಚೀಟಿಯಲ್ಲಿ ಬೇಡ. ಊರು ಬರೆಯಿರಿ ಸರ್, ತಾರೀಖು ಬರೆಯಿರಿ ಮೇಡಂ ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ. ಲಿಂಗಸುಗೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ, ಆ ಹೆಸರುಗಳು ಪುಸ್ತಕದ ಹಾಳೆಯ ಮೇಲೆ ಬರಬೇಕು.

ನಾಲ್ಕು ಪುಸ್ತಕ ತಂದಿದ್ದೇನೆ, ಆ ಮೇಜಿನ ಮೇಲಿವೆ. ಕೈ ತೊಳೆದು ಒರೆಸಿಕೊಂಡು ಬನ್ನಿ. ಮೊದಲನೆಯದು ಅರ್ಧವೇ ಇದೆ, ಎಣ್ಣೆ ಕಲೆಯ ಶನಿಯ ಹಾಳೆಯನ್ನೂ ಅದರೊಳಗೇ ಇಟ್ಟಿದ್ದೇನೆ. ಎರಡನೆಯದು ಅಬಿಡ್ಸ್‌ನಲ್ಲಿ ಸಿಕ್ಕ ಅದರ ಪೂರ್ತಿ ಪ್ರತಿ. ಮೂರನೆಯದರಲ್ಲಿ ಅಚ್ಚು ಹಾಕಿದ ಆ ಸಹಿ ಇದೆ, ಭೂತಗನ್ನಡಿ ಪಕ್ಕದಲ್ಲೇ ಇದೆ, ನೀವೇ ಪರೀಕ್ಷೆ ಮಾಡಿ. ಕೊನೆಯದನ್ನು ಬೆನ್ನು ಹಿಡಿದು ಎತ್ತಬೇಡಿ, ಎರಡೂ ಕೈಯಲ್ಲಿ ತಗೊಂಡು ಮೊದಲ ಹಾಳೆ ತೆರೆಯಿರಿ. 1980ರಲ್ಲಿ ಆ ಇಪ್ಪತ್ತು ಹುಡುಗರಲ್ಲಿ ಇದ್ದವರು ಯಾರಾದರೂ ಇಲ್ಲಿ ಇದ್ದರೆ ದಯವಿಟ್ಟು ನನ್ನ ಹತ್ತಿರ ಬನ್ನಿ. ಆ ಮಧ್ಯಾಹ್ನ ಏನು ಕಂಡಿರಿ ಅಂತ ಕೇಳಬೇಕು.